ಓದುಗರ ಪ್ರಶ್ನೆ–ಉತ್ತರ: ಕಾಡಿನ ಸುದ್ದಿ ಊರಿಗೆ ಮುಟ್ಟುವ ದಾರಿ

ವನ್ಯಜೀವಿ ಸಂರಕ್ಷಣೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿರೆಂದು ಕೇಳಿದಾಗ ಹುಲಿಗಳ ಎಣಿಕೆ, ಕಾಡಿನ ವಿಸ್ತೀರ್ಣ, ಬೇಟೆ ತಡೆಯುವ ಕಾನೂನು ಮುಂತಾದವುಗಳ ಬಗ್ಗೆಯೇ ಪತ್ರಗಳು ಬರುತ್ತವೆಂದು ನಾನು ಎಣಿಸಿದ್ದೆ. ಆದರೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಡಿನ ವಿಷಯವನ್ನು ಯಾರು, ಯಾರಿಗೆ, ಯಾವ ಭಾಷೆಯಲ್ಲಿ, ಯಾವ ಹೊತ್ತಿನಲ್ಲಿ ಹೇಳಬೇಕು ಎಂಬುದನ್ನು ಕುರಿತವು. ಆದ್ದರಿಂದ ಈ ಸಂಚಿಕೆಯನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತೋಟದ ಸುತ್ತ ಆನೆ ಬಂದಾಗ ಮೊಬೈಲಿಗೆ ಸಂದೇಶ ಬರುತ್ತದೆ. ಆದರೆ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೊರಡುವ ಆಳುಗಳಿಗೆ ಅದು ತಲುಪುವುದಿಲ್ಲ. ಹೀಗಿರುವಾಗ ಈ ಸಂದೇಶಗಳಿಂದ ನಿಜವಾಗಿ ಪ್ರಯೋಜನ ಇದೆಯೇ? ಇದನ್ನು ಸಂರಕ್ಷಣೆ ಎಂದು ಕರೆಯಬಹುದೇ?
– ಕಾಫಿ ಬೆಳೆಗಾರರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ಪ್ರಯೋಜನ ಖಂಡಿತ ಇದೆ, ಮತ್ತು ಇದು ಸಂರಕ್ಷಣೆಯೇ. ತಮ್ಮ ಪತ್ರದಲ್ಲಿರುವ ಕೊರತೆಯೂ ಅಷ್ಟೇ ನಿಜ. ಅದಕ್ಕೆ ಪರಿಹಾರವನ್ನು ನಮ್ಮ ನೆರೆಯ ಬೆಟ್ಟದವರು ಆಗಲೇ ಕಂಡುಕೊಂಡಿರುವುದರಿಂದ ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ತಮಿಳುನಾಡಿನ ಆನೈಮಲೈ ಬೆಟ್ಟಗಳ ನಡುವೆ ವಾಲ್ಪಾರೈ ಎಂಬ ಪ್ರಸ್ಥಭೂಮಿಯಿದೆ. ಸುಮಾರು 220 ಚದರ ಕಿಲೋಮೀಟರ್ ವಿಸ್ತಾರದ ಆ ನೆಲದ ಬಹುಭಾಗ ಚಹಾ ಮತ್ತು ಕಾಫಿ ತೋಟ, ಸುತ್ತಲೂ ಕಾಡು. ಆನೆಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಈ ತೋಟಗಳನ್ನು ದಾಟಲೇಬೇಕು. ಮೈಸೂರಿನಲ್ಲಿ ನೆಲೆಗೊಂಡಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಎಂ. ಆನಂದಕುಮಾರ್ ಮತ್ತು ಅವರ ಸಂಗಡಿಗರು ಅಲ್ಲಿ ಆನೆಯಿಂದ ಸಂಭವಿಸಿದ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಸತ್ತವರಲ್ಲಿ ಬಹುಪಾಲು ಜನರಿಗೆ ಎದುರಿನ ತಿರುವಿನಲ್ಲಿ ಆನೆ ನಿಂತಿದೆ ಎಂಬ ಅರಿವೇ ಇರಲಿಲ್ಲವೆಂಬುದು ತಿಳಿಯಿತು. ಸಂಜೆ ಬಸ್ಸಿಳಿದು ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆಯ) ಕಡೆಗೆ ನಡೆದು ಹೋಗುತ್ತಿದ್ದವರು, ಮಬ್ಬಿನಲ್ಲಿ ಆನೆಗೆ ತೀರ ಹತ್ತಿರವಾಗಿ ಸಿಕ್ಕಿಬಿದ್ದವರು ಅವರಲ್ಲಿದ್ದರು. ಆನೆಯನ್ನು ಓಡಿಸುವುದಕ್ಕಿಂತ ಮೊದಲು ಆನೆ ಎಲ್ಲಿದೆ ಎಂದು ಜನರಿಗೆ ತಿಳಿಸಬೇಕು ಎಂಬ ತೀರ್ಮಾನಕ್ಕೆ ಅವರು ಬಂದದ್ದು ಹೀಗೆ.

ಆಮೇಲೆ ಅವರು ಮಾಡಿದ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ ಸಾಧನವನ್ನು ನೆಚ್ಚಿಕೊಳ್ಳದೆ ಹೋದ ಕ್ರಮ. ಸಂಜೆ ಹೊತ್ತು ಎಲ್ಲರ ಮನೆಯಲ್ಲೂ ಟಿ.ವಿ. ಹಚ್ಚಿರುತ್ತದೆಂದು ಸ್ಥಳೀಯ ಕೇಬಲ್ ವಾಹಿನಿಯ ತೆರೆಯ ಕೆಳಗೆ ಆ ದಿನ ಆನೆಗಳಿರುವ ಜಾಗದ ಹೆಸರನ್ನು ಹರಿಯಬಿಟ್ಟರು. ಮೊಬೈಲ್ ಹರಡಿದ ಮೇಲೆ ತಮಿಳು ಮತ್ತು ಇಂಗ್ಲಿಷಿನಲ್ಲಿ ಸಂದೇಶ ಕಳುಹಿಸಿದರು. ಓದಲು ಬಾರದವರಿಗಾಗಿ ಧ್ವನಿ ಕರೆಯನ್ನು ಸೇರಿಸಿದರು. ಮೊಬೈಲೇ ಇಲ್ಲದೆ ದಾರಿಯಲ್ಲಿ ನಡೆಯುತ್ತಿರುವವರಿಗಾಗಿ ದೂರದಿಂದಲೇ ಕಾಣುವಂತೆ ಎತ್ತರದ ಜಾಗಗಳಲ್ಲಿ ಕೆಂಪು ದೀಪಗಳನ್ನು ನಿಲ್ಲಿಸಿ, ಮೊಬೈಲ್ ಕರೆಯಿಂದಲೇ ಅವುಗಳನ್ನು ಹೊತ್ತಿಸುವ ವ್ಯವಸ್ಥೆ ಮಾಡಿದರು. ದೀಪ ಉರಿಯುತ್ತಿದ್ದರೆ ಆಸುಪಾಸಿನಲ್ಲಿ ಆನೆಯಿದೆ ಎಂದರ್ಥ. ಅದಕ್ಕೆ ಅಕ್ಷರ ಬೇಕಿಲ್ಲ, ಭಾಷೆಯೂ ಬೇಕಿಲ್ಲ. ದೀಪ ಹೊತ್ತಿಸುವ ಹೊಣೆಯನ್ನು ಆಯಾ ಜಾಗದ ಜನರೇ ವಹಿಸಿಕೊಂಡರು. ವರ್ಷ ಕಳೆದಂತೆ ಸಾವಿನ ಸಂಖ್ಯೆ ಇಳಿಯಿತು. ಆನಂದಕುಮಾರ್ ಅವರಿಗೆ 2015ರಲ್ಲಿ ವನ್ಯಜೀವಿ ಸಂರಕ್ಷಕರಿಗೆ ಬ್ರಿಟನ್ನಿನಲ್ಲಿ ಕೊಡುವ ವಿಟ್ಲಿ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ.

ತಮ್ಮ ಹಾಸನ ಜಿಲ್ಲೆಯಲ್ಲಿ ಅರಣ್ಯ ಇಲಾಖೆ ನಡೆಸುತ್ತಿರುವ ಸಂದೇಶ, ಧ್ವನಿ ಕರೆ ಮತ್ತು ಮಾಹಿತಿ ಫಲಕಗಳ ವ್ಯವಸ್ಥೆಯೂ ಇದೇ ಬಗೆಯದು. 2023ರ ಅಂದಾಜಿನಂತೆ 6,395 ಆನೆಗಳಿರುವ ನಮ್ಮ ರಾಜ್ಯದಲ್ಲಿ, ಅದರಲ್ಲೂ ಆನೆಗಳು ಕಾಡಿಗಿಂತ ಹೆಚ್ಚಾಗಿ ಕಾಫಿ ತೋಟಗಳಲ್ಲೇ ಹಗಲು ಕಳೆಯುವ ಸಕಲೇಶಪುರ, ಆಲೂರು, ಬೇಲೂರುಗಳಲ್ಲಿ, ಇದಿಲ್ಲದೆ ದಿನ ದೂಡುವುದು ಕಷ್ಟ. ಆದರೆ ಸಂದೇಶ ಮಾಲೀಕರ ಜೇಬಿನಲ್ಲೇ ಉಳಿದರೆ ಕೆಲಸ ಅರ್ಧಕ್ಕೆ ನಿಂತಂತೆ. ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದ ಕೆಲಸಗಾರರಿಗೆ ಕನ್ನಡದ ಅಕ್ಷರ ತಿಳಿಯದು. ಅವರ ಮೊಬೈಲ್ ಸಂಖ್ಯೆ ಇಲಾಖೆಯ ಪಟ್ಟಿಯಲ್ಲಿ ಇರುವುದೂ ಅಪರೂಪ. ತಾವು ಇಂದೇ ಮಾಡಬಹುದಾದ ಕೆಲಸಗಳಿವೆ. ತಮ್ಮ ರೈಟರ್ (ತೋಟದ ಗುಮಾಸ್ತ) ಮತ್ತು ಮೇಸ್ತ್ರಿಯ ಸಂಖ್ಯೆಗಳನ್ನೂ, ಪ್ರತಿ ಲೈನ್ ಮನೆಯಿಂದ ಒಬ್ಬರ ಸಂಖ್ಯೆಯನ್ನೂ ವಲಯ ಅರಣ್ಯ ಕಚೇರಿಗೆ ಕೊಟ್ಟು ಪಟ್ಟಿಗೆ ಸೇರಿಸಿ. ಬೆಳಿಗ್ಗೆ ಹಾಜರಿ ತೆಗೆದುಕೊಳ್ಳುವಾಗ ಆ ದಿನದ ಆನೆ ಸುದ್ದಿಯನ್ನು ಬಾಯಿಮಾತಿನಲ್ಲಿ ಹೇಳಿಸಿ. ಆನೆ ನಿಂತಿರುವ ಬ್ಲಾಕಿನಲ್ಲಿ ಆ ದಿನ ಕೆಲಸ ಬೇಡವೆಂದು ತೀರ್ಮಾನಿಸುವ ಅಧಿಕಾರವನ್ನು ಮೇಸ್ತ್ರಿಗೆ ಕೊಡಿ, ಹಾಗೆ ನಿಂತ ದಿನದ ಕೂಲಿಯನ್ನು ಕಡಿಯಬೇಡಿ. ಕೂಲಿ ಹೋಗುತ್ತದೆಂಬ ಹೆದರಿಕೆ ಇರುವವರೆಗೆ ಎಂಥ ಎಚ್ಚರಿಕೆಯೂ ಅವರ ಕಿವಿಗೆ ಬೀಳುವುದಿಲ್ಲ.

ಇನ್ನೂ ಒಂದು ಮಾತು. ಸುದ್ದಿ ಒಂದೇ ದಿಕ್ಕಿನಲ್ಲಿ ಹರಿಯಬಾರದು. ಸಲಗ ತೋಡು ದಾಟಿದ್ದನ್ನು ಮೊದಲು ನೋಡುವವರು ಸೌದೆಗೆ ಹೋದ ಹೆಂಗಸರು, ಹಾಲು ಹಾಕಲು ಹೊರಟ ಹುಡುಗರು. ಅವರು ಫೋನ್ ಮಾಡಿದಾಗ ಕಚೇರಿಯಲ್ಲಿ ಯಾರಾದರೂ ಎತ್ತಿ, ಅವರು ಹೇಳಿದ್ದನ್ನು ಬರೆದುಕೊಂಡು, ಅರ್ಧ ಗಂಟೆಯಲ್ಲಿ ಅದೇ ಸುದ್ದಿ ಎಲ್ಲರಿಗೂ ತಿರುಗಿ ಬಂದರೆ, ಮಾರನೆಯ ದಿನವೂ ಅವರು ಫೋನ್ ಮಾಡುತ್ತಾರೆ. ರಾಜ್ಯ ಅರಣ್ಯ ಇಲಾಖೆಯ ಸಹಾಯವಾಣಿ 1926 ಎಂಬುದನ್ನು ಲೈನ್ ಮನೆಗಳ ಗೋಡೆಯ ಮೇಲೆ ದೊಡ್ಡ ಅಂಕಿಗಳಲ್ಲಿ ಬರೆಸಿಡಿ.

ಪ್ರಶ್ನೆ: ನಮ್ಮ ಶಾಲೆಯ ಗೋಡೆಯ ತುಂಬ ಕಾಡು ಉಳಿಸಿ, ಹುಲಿ ಉಳಿಸಿ ಎಂಬ ಘೋಷಣೆಗಳಿವೆ. ಮಕ್ಕಳು ಅವುಗಳನ್ನು ಬಾಯಿಪಾಠ ಹೇಳುತ್ತಾರೆ. ಆದರೆ ಹುಲಿ ಒಬ್ಬ ಹುಡುಗನ ಮನೆಯ ಹಸುವನ್ನು ಹಿಡಿದ ಮೇಲೆ, ಆ ಗೋಡೆಯ ಮುಂದೆ ನಿಂತು ಪಾಠ ಮಾಡಲು ನನಗೇ ಮುಜುಗರವಾಯಿತು. ನಾನು ಏನು ಹೇಳಬೇಕಿತ್ತು?
– ಶಿಕ್ಷಕಿ, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ತಮಗೆ ಮುಜುಗರವಾದದ್ದು ತಮ್ಮ ಮನಸ್ಸಿನ ಸೂಕ್ಷ್ಮತೆಯನ್ನು ತೋರಿಸುತ್ತದೆ. ಆ ದಿನ ಹುಲಿಯ ಮಹತ್ವವನ್ನು ಹೇಳುವ ಅಗತ್ಯ ಇರಲಿಲ್ಲ. ಆ ಮನೆಯವರಿಗೆ ಬೇಕಾಗಿದ್ದುದು, ಹಸುವಿನ ಕಳೇಬರವನ್ನು ಅಲ್ಲಿಂದ ಸರಿಸಬಾರದು, ಫೋಟೊ ತೆಗೆದಿಡಬೇಕು, ಯಾವ ಕಚೇರಿಗೆ ಯಾವ ಕಾಗದಗಳೊಂದಿಗೆ ಹೋಗಿ ಪರಿಹಾರಕ್ಕೆ ಅರ್ಜಿ ಹಾಕಬೇಕು ಎಂಬ ತಿಳಿವಳಿಕೆ. ಬಂಡೀಪುರ ಮತ್ತು ನಾಗರಹೊಳೆಯ ಅಂಚಿನ ಹಳ್ಳಿಗಳಲ್ಲಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ವೈಲ್ಡ್ ಸೇವೆ’ ಎಂಬ ಯೋಜನೆ ಮಾಡುತ್ತಿರುವುದು ಇದನ್ನೇ: ಬೆಳೆ ಅಥವಾ ಜಾನುವಾರು ನಷ್ಟವಾದವರು ಉಚಿತ ಸಂಖ್ಯೆಗೆ ಕರೆ ಮಾಡಿದರೆ ಕಾರ್ಯಕರ್ತರು ಮನೆಗೆ ಬಂದು ಸರ್ಕಾರದ ಪರಿಹಾರಕ್ಕೆ ಅರ್ಜಿ ತುಂಬಲು ನೆರವಾಗುತ್ತಾರೆ. ಹುಲಿಯ ಬಗ್ಗೆ ನೂರು ಭಾಷಣಗಳು ಮಾಡದ ಕೆಲಸವನ್ನು, ನಷ್ಟವಾದ ದಿನ ಮನೆಬಾಗಿಲಿಗೆ ಬಂದ ಒಬ್ಬ ಮನುಷ್ಯ ಮಾಡುತ್ತಾನೆ ಎಂದು ನಾನು ನಂಬಿದ್ದೇನೆ. ತಮ್ಮ ಶಾಲೆಯ ಒಂದು ಗೋಡೆಯನ್ನಾದರೂ ಈ ವಿವರಗಳಿಗೆ ಬಿಟ್ಟುಕೊಡಿ.

ಘೋಷಣೆಗಳೆಲ್ಲ ವ್ಯರ್ಥ ಎಂದು ಹೇಳಲಾರೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ತಬ್ಬಿ ನಿಂತು ಕಡಿತಲೆಯನ್ನು ತಡೆದಾಗ ಹುಟ್ಟಿದ ಅಪ್ಪಿಕೋ ಚಳವಳಿ ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಪದಗಳನ್ನು ಹಿಡಿದು ಊರೂರು ತಿರುಗಿತು. ಆ ಮೂರನೆಯ ಪದವನ್ನು ಗಮನಿಸಿ. ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆಂದು ಬಿಟ್ಟ ಕಾಡಿನಿಂದ, ಅಡಿಕೆ ತೋಟಕ್ಕೆ ಸೊಪ್ಪು ತರುವ ರೈತನಿಗೆ ಕಾಡನ್ನು ಮುಟ್ಟಬೇಡ ಎಂದು ಹೇಳಿದ್ದರೆ ಅವನು ಬೆನ್ನು ತಿರುಗಿಸುತ್ತಿದ್ದ. ಅವನ ಬಳಕೆಯೂ ಆ ಮಾತಿನೊಳಗೆ ಇದ್ದುದರಿಂದ ಅದು ಅವನ ಮಾತೇ ಆಯಿತು. ಪಾದಯಾತ್ರೆ, ಹಾಡು, ಯಕ್ಷಗಾನಗಳ ಮೂಲಕ ಅದು ಹರಡಿದ್ದೂ ಮಲೆನಾಡಿನವರಿಗೆ ಮೊದಲೇ ಒಗ್ಗಿದ್ದ ದಾರಿಗಳಲ್ಲಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಅಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವುಗಳನ್ನು ಕರೆಯುತ್ತಾರೆ. ಹಕ್ಕಿ ಕುಳಿತ ಮರದ ಹುಣಸೆ ಫಸಲು ಕೈಗೆ ಸಿಗುವುದಿಲ್ಲವೆಂಬ ಕಷ್ಟವನ್ನು ಅರಣ್ಯ ಇಲಾಖೆ ಅರಿತು ಮರದ ಒಡೆಯರಿಗೆ ಹಣ ಕೊಡುವ ಪದ್ಧತಿ ತಂದಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಯುವಕರದೇ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡಿತು. 2007ರಲ್ಲಿ ಆ ಜಾಗ ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ತವರಿನ ಮಾತು ಯಾವ ಸಂಸ್ಥೆಯ ಪ್ರಚಾರ ವಿಭಾಗದಲ್ಲೂ ಹುಟ್ಟಿದ್ದಲ್ಲ. ಹೊರಗಿನಿಂದ ಬಂದವರು ಅದನ್ನು ಕೇಳಿಸಿಕೊಂಡು ಗೌರವಿಸಿದರು, ಅಷ್ಟೇ.

ಅಸ್ಸಾಮಿನಲ್ಲಿ ಪೂರ್ಣಿಮಾ ದೇವಿ ಬರ್ಮನ್ ಅವರು ಹರ್ಗಿಲಾ ಎಂಬ ದೊಡ್ಡ ಕೊಕ್ಕರೆಯ ವಿಷಯದಲ್ಲಿ ಮಾಡಿದ್ದೂ ಇದಕ್ಕೆ ಹತ್ತಿರದ ಕೆಲಸ. ಕೊಳೆತ ಮಾಂಸ ತಿನ್ನುವ, ಗೂಡಿನ ಕೆಳಗೆ ಗಬ್ಬು ನಾತ ಬೀರುವ ಆ ಹಕ್ಕಿಯನ್ನು ಅಪಶಕುನವೆಂದು ಬಗೆದು ಜನ ಮರಗಳನ್ನೇ ಕಡಿಯುತ್ತಿದ್ದರು. ಬರ್ಮನ್ ಅವರು ಮೊದಲು ಹೋದದ್ದು ಹೆಂಗಸರ ಬಳಿಗೆ. ಬಸುರಿಗೆ ನಮ್ಮಲ್ಲಿ ಸೀಮಂತ ಮಾಡುವ ಹಾಗೆ, ಹರ್ಗಿಲಾ ಮೊಟ್ಟೆಯಿಡುವ ಕಾಲಕ್ಕೆ ಅದಕ್ಕೂ ಅದೇ ಶಾಸ್ತ್ರ ಮಾಡಿಸಿದರು. ಸೀರೆ, ಶಾಲುಗಳ ಮೇಲೆ ಅದರ ಚಿತ್ರ ನೇಯಿಸಿ ಮನೆಗೆ ನಾಲ್ಕು ಕಾಸು ಬರುವಂತೆ ಮಾಡಿದರು. ಇಂದು ಸಾವಿರಾರು ಹೆಂಗಸರು ತಮ್ಮನ್ನು ಹರ್ಗಿಲಾ ಸೇನೆಯವರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 2022ರಲ್ಲಿ ವಿಶ್ವಸಂಸ್ಥೆ ಬರ್ಮನ್ ಅವರಿಗೆ ‘ಚಾಂಪಿಯನ್ಸ್ ಆಫ್ ದಿ ಅರ್ಥ್’ ಗೌರವವನ್ನು ನೀಡಿತು.

ಪ್ರಶ್ನೆ: ವಾಟ್ಸಾಪಿನಲ್ಲಿ ಹುಲಿ, ಚಿರತೆಯ ವಿಡಿಯೊ ಬಂದರೆ ಊರಿನ ಗುಂಪಿಗೆ ಕೂಡಲೇ ಕಳುಹಿಸುವುದು ಎಚ್ಚರಿಕೆ ಕೊಟ್ಟಂತೆ ಆಗುವುದಿಲ್ಲವೇ?
– ವಿದ್ಯಾರ್ಥಿ, ತುಮಕೂರು

ಉತ್ತರ: ಯಾವ ಊರು, ಯಾವ ದಿನ, ಯಾರು ತೆಗೆದದ್ದು ಎಂಬುದು ತಮಗೆ ಗೊತ್ತಿಲ್ಲದಿದ್ದರೆ ಆಗುವುದಿಲ್ಲ. ಬೇರೆ ರಾಜ್ಯದ ಹಳೆಯ ವಿಡಿಯೊ ನಿಮ್ಮ ಊರಿನ ಹೆಸರು ಹೊತ್ತು ಬಂದಾಗ ಜನ ಕೋಲು, ಕಲ್ಲು ಹಿಡಿದು ಹೊರಡುತ್ತಾರೆ. ಮುಂದೆ ನಿಜವಾದ ಸುದ್ದಿ ಬಂದಾಗ ಯಾರೂ ನಂಬುವುದಿಲ್ಲ. ತಾವೇ ಕಣ್ಣಾರೆ ಕಂಡಿದ್ದರೆ ಮೊದಲು 1926ಕ್ಕೆ ತಿಳಿಸಿ. ಗೂಡು, ಮರಿ, ಕಾಡುಪಾಪ ಇಂಥವುಗಳ ಚಿತ್ರ ಹಾಕುವಾಗ ಜಾಗದ ಗುರುತನ್ನು ಅಳಿಸಿ ಹಾಕಿ. ಕಳ್ಳ ಬೇಟೆಯವರೂ ಅದನ್ನು ನೋಡುತ್ತಾರೆ.

ಪ್ರಶ್ನೆ: ನಾನು ಸ್ಥಳೀಯ ಪತ್ರಿಕೆಯೊಂದರ ವರದಿಗಾರ. ಚಿರತೆ ಕಾಣಿಸಿಕೊಂಡ ಸುದ್ದಿಗೆ ‘ನರಭಕ್ಷಕ’, ‘ಅಟ್ಟಹಾಸ’ ಎಂಬ ಪದಗಳಿಲ್ಲದಿದ್ದರೆ ಓದುಗರು ಓದುವುದಿಲ್ಲ ಎಂದು ಕಚೇರಿಯಲ್ಲಿ ಹೇಳುತ್ತಾರೆ. ಒಂದು ಪದದಿಂದ ಅಷ್ಟೇನು ಹಾನಿ?
– ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಹಾನಿ ದೊಡ್ಡದು. ಆ ಪದ ಅಚ್ಚಾದ ದಿನವೇ ಬೋನು ಇಡಿ ಎಂಬ ಒತ್ತಡ ಶುರುವಾಗುತ್ತದೆ. ಬೋನಿಗೆ ಯಾವುದೋ ಒಂದು ಚಿರತೆ ಬೀಳುತ್ತದೆ, ಅದನ್ನು ದೂರದ ಕಾಡಿಗೆ ಬಿಟ್ಟು ಬರುತ್ತಾರೆ, ಸಮಸ್ಯೆ ಮುಗಿಯಿತೆಂದು ಎಲ್ಲರೂ ಮನೆಗೆ ಹೋಗುತ್ತಾರೆ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ 2000ದ ನಂತರ ಹೀಗೆ ಹಿಡಿದು ಬಿಡುವ ಕಾರ್ಯ ದೊಡ್ಡ ಪ್ರಮಾಣದಲ್ಲಿ ನಡೆದಾಗ ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4ರಿಂದ 17ಕ್ಕೆ ಏರಿತೆಂದು ವಿದ್ಯಾ ಅತ್ರೇಯ ಮತ್ತು ಅವರ ಸಹ ಸಂಶೋಧಕರು 2011ರಲ್ಲಿ ಪ್ರಕಟಿಸಿದರು. ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತ 2004ರಲ್ಲಿ ದಾಳಿಗಳು ಹೆಚ್ಚಿದಾಗಲೂ, ಬೇರೆಡೆ ಹಿಡಿದ ಚಿರತೆಗಳನ್ನು ಅಲ್ಲಿಗೆ ತಂದು ಬಿಟ್ಟ ಹಿನ್ನೆಲೆ ಇತ್ತು.

ಮುಂಬಯಿಯಲ್ಲಿ ಆಮೇಲೆ ನಡೆದದ್ದು ತಮ್ಮ ವೃತ್ತಿಗೆ ನೇರವಾಗಿ ಸಂಬಂಧಿಸಿದ್ದು. 2011ರಲ್ಲಿ ಅಲ್ಲಿನ ಅರಣ್ಯ ಇಲಾಖೆ, ಸಂಶೋಧಕರು ಮತ್ತು ನಾಗರಿಕರು ಕೂಡಿ ‘ಮುಂಬಯ್ಕರ್ಸ್ ಫಾರ್ ಎಸ್‌ಜಿಎನ್‌ಪಿ’ (ಎಸ್‌ಜಿಎನ್‌ಪಿ ಎಂದರೆ ಅದೇ ಸಂಜಯ ಗಾಂಧಿ ಉದ್ಯಾನ) ಎಂಬ ಪ್ರಯತ್ನವನ್ನು ಆರಂಭಿಸಿ ಪತ್ರಕರ್ತರಿಗಾಗಿಯೇ ಕಾರ್ಯಾಗಾರಗಳನ್ನು ನಡೆಸಿದರು. ಚಿರತೆ ಕಂಡಿತು ಎಂಬುದಕ್ಕೂ ಚಿರತೆ ದಾಳಿ ಮಾಡಿತು ಎಂಬುದಕ್ಕೂ ಇರುವ ವ್ಯತ್ಯಾಸ, ಕಸದ ರಾಶಿಗೆ ನಾಯಿಗಳೂ ನಾಯಿಗಳಿಗಾಗಿ ಚಿರತೆಗಳೂ ಬರುವ ಸಂಗತಿ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದೆಂಬ ಸೂಚನೆ, ಚಿರತೆ ಸಿಕ್ಕಿಬಿದ್ದಲ್ಲಿ ಜನ ಮುತ್ತಿಕೊಂಡರೆ ಆಗುವ ಅನಾಹುತ, ಇವೆಲ್ಲ ವರದಿಗಳಲ್ಲಿ ಕಾಣಿಸಿಕೊಳ್ಳತೊಡಗಿದವು. ಅಲ್ಲಿನ ಓದುಗರು ಪತ್ರಿಕೆ ಓದುವುದನ್ನೇನೂ ಬಿಡಲಿಲ್ಲ.

ಕಾನೂನಿನ ಭಾಷೆಯೂ ತಮಗೆ ನೆರವಾಗುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಂತೆ, ಹೆಚ್ಚಿನ ರಕ್ಷಣೆಯಿರುವ ಮೊದಲ ಅನುಸೂಚಿಯ ಪ್ರಾಣಿಯೊಂದು ಮನುಷ್ಯರ ಜೀವಕ್ಕೆ ಅಪಾಯಕಾರಿ ಅಥವಾ ಗುಣವಾಗದಷ್ಟು ಊನ ಇಲ್ಲವೆ ರೋಗಕ್ಕೆ ತುತ್ತಾಗಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾದರೆ ಮಾತ್ರ, ಕಾರಣಗಳನ್ನು ಬರೆದು ಅದರ ಬೇಟೆಗೆ ಅನುಮತಿಸುವ ಆದೇಶ ಹೊರಡಿಸಬಹುದು. ಅಂಥ ಆದೇಶ ಇಲ್ಲದಿರುವಾಗ ಹೊಲದಂಚಿನಲ್ಲಿ ಕಂಡ ಒಂದು ಪ್ರಾಣಿಗೆ ನಾವು ಬಿರುದು ಹಚ್ಚುವುದು ಸರಿಯಲ್ಲ. ಮನುಷ್ಯರು ಸತ್ತ ಸಂದರ್ಭದಲ್ಲಿ ಆ ಕುಟುಂಬದ ದುಃಖವನ್ನು ಪೂರ್ತಿಯಾಗಿ ಬರೆಯಿರಿ, ಇಲಾಖೆಯ ತಪ್ಪಿದ್ದರೆ ಅದನ್ನೂ ಬರೆಯಿರಿ. ಅದನ್ನು ಮುಚ್ಚಿಡುವ ಸಂರಕ್ಷಣೆ ನನಗೂ ಬೇಡ.

ಒಂದು ಚಿಕ್ಕ ಎಚ್ಚರಿಕೆಯನ್ನೂ ಸೇರಿಸುತ್ತೇನೆ. ‘ಕಿರುಬ’ ಎಂದರೆ ನಮ್ಮಲ್ಲಿ ಕೆಲವೆಡೆ ಚಿರತೆ, ಕೆಲವೆಡೆ ಕತ್ತೆಕಿರುಬ; ಮಲೆನಾಡಿನಲ್ಲಿ ಚಿರತೆಗೆ ಕುರ್ಕ ಎನ್ನುತ್ತಾರೆ, ಕರಾವಳಿಯಲ್ಲಿ ಚಿಟ್ಟೆಹುಲಿ ಎನ್ನುತ್ತಾರೆ, ಎಷ್ಟೋ ಊರುಗಳಲ್ಲಿ ಬರಿಯ ಹುಲಿ ಎಂದೂ ಹೇಳುತ್ತಾರೆ. ಊರಿನವರು ‘ಹುಲಿ ಬಂತು’ ಎಂದದ್ದನ್ನು ಹಾಗೆಯೇ ಅಚ್ಚು ಹಾಕುವ ಮುನ್ನ ಹೆಜ್ಜೆ ಗುರುತನ್ನೂ, ಮೈಮೇಲಿದ್ದದ್ದು ಪಟ್ಟೆಯೋ ಚುಕ್ಕೆಯೋ ಎಂಬುದನ್ನೂ ಕೇಳಿಕೊಳ್ಳಿ.

ಪ್ರಶ್ನೆ: ಪಶ್ಚಿಮ ಘಟ್ಟದ ವರದಿಗಳು ಜಾರಿಯಾದರೆ ಮನೆ ರಿಪೇರಿಯನ್ನೂ ಮಾಡುವಂತಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ವರದಿ ಓದೋಣವೆಂದರೆ ಅದು ಇಂಗ್ಲಿಷಿನಲ್ಲಿದೆ. ಈಗ ಹತ್ತಿರದಲ್ಲೇ ಒಂದು ದೊಡ್ಡ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ನಡೆಯಲಿದೆಯಂತೆ. ನಮ್ಮಂಥವರು ಅಲ್ಲಿ ಹೋಗಿ ಏನು ಮಾತಾಡುವುದು?
– ಅಡಿಕೆ ಬೆಳೆಗಾರರು, ಉತ್ತರ ಕನ್ನಡ

ಉತ್ತರ: ಸಂರಕ್ಷಣೆಯ ಮಾತು ಜನರಿಗೆ ಮುಟ್ಟದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಈ ವರದಿಗಳ ಇತಿಹಾಸಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮ ಘಟ್ಟದ ಸಮಿತಿ ತನ್ನ ವರದಿಯನ್ನು 2011ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರಕ್ಕೆ ಸಲ್ಲಿಸಿತು. ಯಾವ ಜಾಗಕ್ಕೆ ಎಷ್ಟು ರಕ್ಷಣೆ ಎಂಬುದು ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ಕೆಳಗಿನಿಂದ ತೀರ್ಮಾನವಾಗಬೇಕೆಂಬುದು ಆ ವರದಿಯ ತಿರುಳು. ಆದರೆ ವರದಿಯೇ ತಿಂಗಳುಗಟ್ಟಲೆ ಹೊರಬರಲಿಲ್ಲ. ಮಾಹಿತಿ ಹಕ್ಕಿನಡಿ ಹೋರಾಡಿದ ಮೇಲೆ 2012ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ವದಂತಿಗಳು ಊರೂರಿನಲ್ಲಿ ಬೇರು ಬಿಟ್ಟಿದ್ದವು. 2013ರ ಏಪ್ರಿಲ್‌ನಲ್ಲಿ ಬಾಹ್ಯಾಕಾಶ ವಿಜ್ಞಾನಿ ಕಸ್ತೂರಿರಂಗನ್ ನೇತೃತ್ವದ ಗುಂಪು ಇನ್ನೊಂದು ವರದಿ ಕೊಟ್ಟಿತು. ಅದರಂತೆ ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ. 2014ರಿಂದ 2024ರವರೆಗೆ ಕೇಂದ್ರ ಸರ್ಕಾರ ಆರು ಕರಡು ಅಧಿಸೂಚನೆಗಳನ್ನು ಹೊರಡಿಸಿತು, ಪ್ರತಿ ಸಲವೂ ಆಕ್ಷೇಪಣೆಗೆ 60 ದಿನ ಕೊಟ್ಟಿತು. ತನ್ನ ಊರಿನ ಹೆಸರು ಪಟ್ಟಿಯಲ್ಲಿದೆಯೇ, ಇದ್ದರೆ ಅದರ ಅರ್ಥವೇನು ಎಂಬುದನ್ನು ಮನೆಗೆ ಬಂದು ಕನ್ನಡದಲ್ಲಿ ಹೇಳಿದವರು ಮಾತ್ರ ಬಹಳ ಕಡಿಮೆ.

ಕರಡುಗಳು ನಿಷೇಧಿಸಲು ಹೊರಟದ್ದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ‘ಕೆಂಪು’ ವರ್ಗದ (ಅತಿ ಹೆಚ್ಚು ಮಾಲಿನ್ಯದ) ಕೈಗಾರಿಕೆ ಮತ್ತು 20,000 ಚದರ ಮೀಟರಿಗೆ ಮೀರಿದ ಕಟ್ಟಡಗಳನ್ನು. ಈಗಿರುವ ಮನೆಗಳ ದುರಸ್ತಿ, ವಿಸ್ತರಣೆಗಳಿಗೆ ಅಡ್ಡಿಯಿಲ್ಲವೆಂದು ಇತ್ತೀಚಿನ ಕರಡುಗಳು ಬರೆದೇ ಹೇಳಿವೆ. ಇದನ್ನು ತಿಳಿದ ಮೇಲೂ ತಾವು ವರದಿಯನ್ನು ವಿರೋಧಿಸಬಹುದು. ಅದು ತಮ್ಮ ಹಕ್ಕು. ಆದರೆ ಅದರಲ್ಲಿ ಬರೆದೇ ಇಲ್ಲದ ಸಾಲಿಗೆ ಹೆದರಿ ವಿರೋಧಿಸುವ ಸ್ಥಿತಿಗೆ ಜನರನ್ನು ತಂದವರು, ಹೇಳಬೇಕಾದ ಕಾಲದಲ್ಲಿ ಹೇಳದೆ ಉಳಿದ ನಾವೆಲ್ಲರೂ. ಪರಿಸರದ ಬಗ್ಗೆ ಬರೆಯುವವನಾಗಿ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ.

ಭಾಷೆಯ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ (ಯೋಜನೆಗೆ ಅನುಮತಿ ಕೊಡುವ ಮುನ್ನ ಪರಿಸರದ ಮೇಲೆ ಅದರ ಪರಿಣಾಮವನ್ನು ಅಳೆಯುವ) ನಿಯಮಗಳ ಹೊಸ ಕರಡು ಬಂದಾಗ, ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಎಲ್ಲ 22 ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಆ ವರ್ಷ ಜೂನ್ 30ರಂದು ಆದೇಶಿಸಿತು. ಕನ್ನಡದಲ್ಲಿ ಸಾಕಷ್ಟು ಪ್ರಚಾರ ಕೊಟ್ಟಿಲ್ಲವೆಂಬ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆಯ ಪ್ರಕಟಣೆಗೆ ತಾತ್ಕಾಲಿಕ ತಡೆ ನೀಡಿತು.

ಇನ್ನು ತಮ್ಮ ಅಹವಾಲು ಸಭೆ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯಂತೆ ಅದನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅವರು ಕಳುಹಿಸಿದ ಹಿರಿಯ ಅಧಿಕಾರಿಯದು. ಕನಿಷ್ಠ 30 ದಿನ ಮೊದಲೇ ಪತ್ರಿಕೆಗಳಲ್ಲಿ, ಅದರಲ್ಲಿ ಒಂದು ಪ್ರಾದೇಶಿಕ ಭಾಷೆಯದರಲ್ಲಿ, ಪ್ರಕಟಣೆ ಬರಬೇಕು. ಯೋಜನೆಯ ಪರಿಸರ ಪರಿಣಾಮದ ಇಡೀ ವರದಿ ಇಂಗ್ಲಿಷಿನಲ್ಲಿದ್ದರೂ ಅದರ ಸಾರಾಂಶ ಕನ್ನಡದಲ್ಲಿ ಇರಲೇಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಅದನ್ನು ನೋಡಲು ಸಿಗಬೇಕು. ನಾಳೆಯೇ ಹೋಗಿ ಆ ಕನ್ನಡ ಸಾರಾಂಶವನ್ನು ಕೇಳಿ. ಓದುವಾಗ ತಮ್ಮ ಊರಿನ ಹಳ್ಳ, ಕೆರೆ, ಸೊಪ್ಪಿನ ಬೆಟ್ಟ, ದೇವರಕಾಡುಗಳ ಹೆಸರು ಅದರಲ್ಲಿ ಇವೆಯೇ ಎಂದು ಹುಡುಕಿ. ಬೇಸಿಗೆಯಲ್ಲೂ ಹರಿಯುವ ಹಳ್ಳವನ್ನು ಮಳೆಗಾಲದ ಹಳ್ಳವೆಂದು ಬರೆದಿದ್ದರೆ, ಅದು ತಪ್ಪೆಂದು ಹೇಳಲು ಅದರ ದಡದಲ್ಲಿ ಬದುಕುವ ತಮಗಿಂತ ಅರ್ಹರು ಯಾರೂ ಇಲ್ಲ. ಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ, ಅದನ್ನೇ ಬರೆದು ಸಹಿ ಹಾಕಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಆ ಹೊತ್ತಿಗೆ ಸಂಜೆಯಾಗಿ ಜನರೆಲ್ಲ ಕೊನೆಯ ಬಸ್ಸಿಗೆ ಎದ್ದು ಹೋಗಿರುತ್ತಾರೆ. ತಾವು ನಾಲ್ಕು ಜನರಾದರೂ ಕುಳಿತಿದ್ದು, ತಾವು ಹೇಳಿದ ಮಾತು ಅದರಲ್ಲಿ ಬಂದಿದೆಯೇ ಎಂದು ಕೇಳಿಸಿಕೊಂಡು, ಬಿಟ್ಟುಹೋಗಿದ್ದರೆ ಅಲ್ಲಿಯೇ ಎದ್ದು ನಿಂತು ಸೇರಿಸಲು ಹೇಳಿ.